ಕಥೆ ಬರೆದ ಉಪಾಧ್ಯಾಯಿನಿ

ಪೀಠಿಕೆ

ಲೋಕದಲ್ಲಿ ಎಲ್ಲರಿಗಿಂತಲೂ ಹೆಚ್ಚಾಗಿ ಪರರ ಕೈಬರಹವನ್ನು ಓದುವವರು ಯಾರೆಂದು ಕೇಳಿದರೆ, ಪಾಠಶಾಲೆಯ ಉಪಾಧ್ಯಾಯರೇ ಎಂದು ನಾವು ಹೇಳಬಹುದು. ಅವರ ಮೇಜಿನ ಮೇಲೆ ದಿನಂಪ್ರತಿ ನಿಬಂಧಗಳೂ ಪರೀಕ್ಷೆಯ ಉತ್ತರಗಳೂ ರಜೆಯ ಚೀಟಿಗಳೂ ತಾಯಿತಂದೆಗಳ ಕಾಗದಗಳೂ ರಾಶಿಯಾಗಿ ಬೀಳುತ್ತಿರುವವು. ಅವನ್ನು ಓದುವದು, ಕೆಂಪು ಶಾಯಿಯಿಂದ ತಿದ್ದುವದು, ಹಿಂದಕ್ಕೆ ಕೊಡುವದು—ಇದೇ ಅವರ ನಿತ್ಯದ ಕೆಲಸ. ಈ ರಾಶಿಯನ್ನು ಸಾಹಿತ್ಯವೆಂದು ಯಾರೂ ಎಣಿಸುವದಿಲ್ಲ. ವರ್ಷದ ಕೊನೆಯಲ್ಲಿ ಅದು ಒಲೆಗೋ ರದ್ದಿಯವನಿಗೋ ಸೇರುವದು. ಆದರೂ ಒಂದು ತಲೆಮಾರಿನ ಮಕ್ಕಳ ಆಶೆ, ಭಯ, ಸುಳ್ಳು, ನಿಜ, ನಗೆ ಇವೆಲ್ಲವೂ ಅದರಲ್ಲಿ ಅಡಗಿರುವವು.

ಪಾಠ ಹೇಳುವ ಕೆಲಸದೊಂದಿಗೆ ಕಥೆಗಳನ್ನೂ ಬರೆಯುವ ಉಪಾಧ್ಯಾಯಿನಿಯ ವಿಷಯದಲ್ಲಿ ಜನರಿಗೆ ಎರಡು ಸಂಶಯಗಳುಂಟು. “ಈಕೆಯ ಮನಸ್ಸು ಎರಡು ಕಡೆಗೆ ಹರಿಯುತ್ತಿರುವಾಗ ನಮ್ಮ ಮಕ್ಕಳ ಪಾಲು ಕಡಮೆಯಾಗದೆ ಇದ್ದೀತೇ?” ಎಂಬದು ತಾಯಿತಂದೆಗಳ ಸಂಶಯ. “ತರಗತಿಯು ಶಕ್ತಿಯನ್ನೆಲ್ಲ ನುಂಗಿದ ಮೇಲೆ ಒಳ್ಳೆಯ ಕಥೆಯು ಹುಟ್ಟುವದಾದರೂ ಹೇಗೆ?” ಎಂಬದು ಸಾಹಿತ್ಯಪ್ರಿಯರ ಸಂಶಯ. ಇವುಗಳಿಗೆ ಬರಿಯ ತರ್ಕದಿಂದಲ್ಲ, ಒಬ್ಬ ಉಪಾಧ್ಯಾಯಿನಿಯ ಜೀವನದಿಂದಲೂ ಆಕೆಯು ಬರೆದ ಒಂದು ಗ್ರಂಥದಿಂದಲೂ ಉತ್ತರವನ್ನು ಹುಡುಕಬೇಕೆಂಬದೇ ಈ ಲೇಖನದ ಉದ್ದೇಶ. ಆಕೆಯು ಅಮೇರಿಕಾದ ನ್ಯೂಯಾರ್ಕ್ ಪಟ್ಟಣದ ಪಬ್ಲಿಕ್ ಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದ ಬೆಲ್ ಕಾಫ್‌ಮನ್ ಎಂಬವಳು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವದು ಅವಶ್ಯ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಧನಿಕರ ಮಕ್ಕಳು ದೊಡ್ಡ ಫೀಜು ಕೊಟ್ಟು ಓದುವ ಶಾಲೆ. ಅಮೇರಿಕಾದಲ್ಲಿ ಅದೇ ಹೆಸರು ಪ್ರಜೆಗಳ ತೆರಿಗೆಯ ಹಣದಿಂದ ನಡೆದು, ಫೀಜಿಲ್ಲದೆ ಎಲ್ಲರ ಮಕ್ಕಳಿಗೂ ತೆರೆದಿರುವ ಶಾಲೆಗೆ ಸಲ್ಲುವದು. ಬಡವರ ಮಕ್ಕಳೂ, ಪರದೇಶದಿಂದ ಬಂದವರ ಮಕ್ಕಳೂ, ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಕ್ಕಳೂ ಕಿಕ್ಕಿರಿದು ತುಂಬಿದ ಅಂಥ ಶಾಲೆಗಳೇ ಈ ಉಪಾಧ್ಯಾಯಿನಿಯ ಕ್ಷೇತ್ರವಾಗಿದ್ದವು.

೧. ಬಾಲ್ಯವೂ ಪರಭಾಷೆಯೂ

ಈಕೆಯು ೧೯೧೧ನೇ ಇಸವಿಯಲ್ಲಿ ಜರ್ಮನಿಯ ಬರ್ಲಿನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಆಗ ಅಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದನು. ತಾಯಿಯು ಯಿದ್ದಿಷ್ ಭಾಷೆಯ ಪ್ರಖ್ಯಾತ ಕಥೆಗಾರನಾದ ಶೋಲೆಮ್ ಅಲೈಖೆಮನ ಮಗಳು. ತಾನೂ ವೃತ್ತಪತ್ರಿಕೆಗೆ ಕಥೆಗಳನ್ನು ಬರೆದವಳು. ಅಜ್ಜನು ೧೯೧೬ರಲ್ಲಿ ತೀರಿಹೋದಾಗ ಮೊಮ್ಮಗಳಿಗೆ ಐದು ವರ್ಷ. ಬೇಗ ದೊಡ್ಡವಳಾಗಿ ಅಕ್ಷರ ಕಲಿತು ತನಗೆ ಕಾಗದ ಬರೆಯಬೇಕೆಂದು ಆತನು ಆ ಮಗುವಿಗೆ ಒಮ್ಮೆ ಬರೆದಿದ್ದನಂತೆ.

ಬೆಲ್ಲಳು ಬೆಳೆದದ್ದು ಕಪ್ಪು ಸಮುದ್ರದ ತೀರದ ಒಡೆಸ್ಸಾ ಪಟ್ಟಣದಲ್ಲಿ. ಮಾತಾಡಿದ್ದು ರಷ್ಯನ್ ಭಾಷೆಯನ್ನು. ೧೯೧೭ರ ಕ್ರಾಂತಿಯೂ ಅದರ ಹಿಂದೆಯೇ ಬಂದ ಯುದ್ಧವೂ ಕ್ಷಾಮವೂ ಆಕೆಯ ಬಾಲ್ಯದ ನೆನಪುಗಳಾಗಿದ್ದವು. ಆ ದಿನಗಳಲ್ಲಿಯೂ ಏಳು ವರ್ಷದ ಈ ಹುಡುಗಿಯ ಒಂದು ಚಿಕ್ಕ ಪದ್ಯವು ಮಕ್ಕಳ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಯು ಕುಟುಂಬದೊಡನೆ ಅಮೇರಿಕಾಕ್ಕೆ ಬಂದಳು. ಇಂಗ್ಲಿಷಿನ ಒಂದಕ್ಷರವೂ ಆಕೆಗೆ ತಿಳಿದಿರಲಿಲ್ಲ. ಆದಕಾರಣ ಶಾಲೆಯವರು ಆಕೆಯನ್ನು ಒಂದನೆಯ ತರಗತಿಯಲ್ಲಿ, ತನಗಿಂತ ಅರ್ಧ ವಯಸ್ಸಿನ ಮಕ್ಕಳ ನಡುವೆ ಕುಳ್ಳಿರಿಸಿದರು.

ಈ ಸ್ಥಿತಿಯನ್ನು ನಮ್ಮ ವಾಚಕರು ಸುಲಭವಾಗಿ ಊಹಿಸಿಕೊಳ್ಳಬಹುದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕೊಡವ ಮಾತನ್ನೋ ಆಡಿ ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ತಿಳಿದ ವಿಷಯವನ್ನು ಹೇಳಲು ಮಾತು ಬಾರದಿರುವಾಗ ಮಗುವು ದಡ್ಡನಂತೆ ತೋರುವದು. ದಡ್ಡನೆಂದು ಕರೆಯಲ್ಪಟ್ಟಾಗ ಕ್ರಮೇಣ ಅದನ್ನು ನಂಬಲಾರಂಭಿಸುವದು. ಬೆಲ್ಲಳ ಭಾಗ್ಯದಿಂದ ಆ ತರಗತಿಯ ಉಪಾಧ್ಯಾಯಿನಿಯು ದಯಾಳುವಾಗಿದ್ದಳು. ತಾನೂ ಉಪಾಧ್ಯಾಯಿನಿಯಾಗಬೇಕೆಂಬ ಆಶೆಯು ಆ ದಯೆಯಿಂದಲೇ ಮೊಳೆಯಿತೆಂದು ಆಕೆಯು ಮುಂದೆ ನೆನಸಿಕೊಳ್ಳುತ್ತಿದ್ದಳು.

೨. ಪರೀಕ್ಷಕರ ಮುಂದೆ

ಆಕೆಯು ೧೯೩೪ರಲ್ಲಿ ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಉನ್ನತ ದರ್ಜೆಯಿಂದ ತೇರ್ಗಡೆ ಹೊಂದಿದಳು. ೧೮೭೦ರಲ್ಲಿ ಉಪಾಧ್ಯಾಯಿನಿಯರನ್ನು ತರಬೇತು ಮಾಡುವದಕ್ಕಾಗಿ ಸ್ಥಾಪಿತವಾದ ಈ ಸಂಸ್ಥೆಯು ಆ ಕಾಲದಲ್ಲಿ ಸ್ತ್ರೀಯರಿಗಾಗಿ ನಡೆಯುತ್ತಿತ್ತು. ಎರಡು ವರ್ಷಗಳ ಮೇಲೆ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಎಂ.ಎ. ಪದವಿಯೂ ದೊರೆಯಿತು. ಆದರೆ ನ್ಯೂಯಾರ್ಕಿನ ಪಬ್ಲಿಕ್ ಸ್ಕೂಲಿನಲ್ಲಿ ಕಾಯಂ ಉಪಾಧ್ಯಾಯಿನಿಯಾಗಬೇಕಾದರೆ ಪದವಿಯು ಸಾಲದು. ಪರೀಕ್ಷಕ ಮಂಡಲಿಯ ಮುಂದೆ ಬಾಯಿಮಾತಿನ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕಾಗಿತ್ತು. ಆಕೆಯು ಅದರಲ್ಲಿ ಒಂದಕ್ಕಿಂತ ಹೆಚ್ಚು ಸಾರಿ ಅನುತ್ತೀರ್ಣಳಾದಳು. ಕಾರಣವೇನೆಂದರೆ, ಆಕೆಯ ಇಂಗ್ಲಿಷಿನಲ್ಲಿ ರಷ್ಯನ್ ಉಚ್ಚಾರದ ಒಂದು ಛಾಯೆಯು ಉಳಿದಿತ್ತು.

ಮತ್ತೊಂದು ಸಾರಿ ಕವಯಿತ್ರಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಎಂಬವಳ ಒಂದು ಸಾನೆಟ್ಟಿಗೆ ಅರ್ಥ ಹೇಳಬೇಕಾಯಿತು. ಬೆಲ್ಲಳ ಅರ್ಥವು ತಪ್ಪೆಂದು ಪರೀಕ್ಷಕರು ತೀರ್ಮಾನಿಸಿದರು. ಆಗ ಆಕೆಯು ಆ ಕವಯಿತ್ರಿಗೇ ಕಾಗದ ಬರೆದಳು. ಈಕೆಯ ಅರ್ಥವೇ ಸರಿಯೆಂದು ಕವಯಿತ್ರಿಯು ಉತ್ತರ ಕೊಟ್ಟಳು. ಅಷ್ಟಾದರೂ ಫಲಿತಾಂಶವು ಬದಲಾಗಲಿಲ್ಲ. ಇನ್ನು ಮುಂದೆ ಬದುಕಿರುವ ಕವಿಗಳ ಪದ್ಯಗಳನ್ನು ಪರೀಕ್ಷೆಗೆ ಇಡಕೂಡದೆಂಬ ನಿಯಮವೊಂದು ಮಾತ್ರ ಹುಟ್ಟಿತೆಂದು ಆಕೆಯು ವಿನೋದದಿಂದ ಹೇಳಿಕೊಳ್ಳುತ್ತಿದ್ದಳು.

ಕಾಯಂ ಅಪ್ಪಣೆಯು ದೊರೆಯುವ ವರೆಗೆ ಆಕೆಯು ಬದಲಿ ಉಪಾಧ್ಯಾಯಿನಿಯಾಗಿ ಶಾಲೆಯಿಂದ ಶಾಲೆಗೆ ಅಲೆದು ದುಡಿದಳು. ಬದಲಿ ಉಪಾಧ್ಯಾಯಿನಿಗೆ ತನ್ನದೆಂಬ ಕೋಣೆಯಿಲ್ಲ, ತನ್ನವರೆಂಬ ಮಕ್ಕಳಿಲ್ಲ. ಆದರೆ ಕಥೆಗಾರರಿಗೆ ಬೇಕಾದ ಒಂದು ಗುಣವು ಆಕೆಗೆ ಈ ಅಲೆದಾಟದಲ್ಲಿ ಅಭ್ಯಾಸವಾಗಿರಬೇಕೆಂದು ನಮಗೆ ತೋರುವದು. ಹೊಸ ಮುಖಗಳನ್ನು ಕಂಡಕೂಡಲೆ ಗುರುತಿಸುವದೂ, ಅವರ ಮಾತಿನ ಧಾಟಿಯನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವದೂ ಅದೇ.

ಇದೇ ಸಮಯದಲ್ಲಿ ಆಕೆಯು ಕಥೆಗಳನ್ನು ಬರೆಯುತ್ತಲೂ ಇದ್ದಳು. ಎಸ್ಕ್ವಯರ್ ಎಂಬ ಮಾಸಪತ್ರಿಕೆಯು ಗಂಡಸರ ಲೇಖನಗಳನ್ನು ಮಾತ್ರ ಸ್ವೀಕರಿಸುತ್ತಿದ್ದ ಕಾರಣ, ಬೆಲ್ಲಾ ಎಂಬ ತನ್ನ ಹೆಸರನ್ನು ಮೊಟಕುಮಾಡಿ ಬೆಲ್ ಎಂದು ಬರೆದು ಕಥೆಯನ್ನು ಕಳುಹಿಸಿದಳು, ಅದು ಅಚ್ಚಾಯಿತು. ಮುಂದೆ ಲೋಕವೆಲ್ಲ ಆಕೆಯನ್ನು ಅರಿತದ್ದು ಆ ಮೊಟಕು ಹೆಸರಿನಿಂದಲೇ. ಉಚ್ಚಾರದ ಕಾರಣದಿಂದ ಒಂದು ಬಾಗಿಲೂ ಸ್ತ್ರೀಯೆಂಬ ಕಾರಣದಿಂದ ಮತ್ತೊಂದು ಬಾಗಿಲೂ ಮುಚ್ಚಿದ್ದರೂ ಆಕೆಯು ತಾಳ್ಮೆಯಿಂದ ಎರಡನ್ನೂ ತೆರೆದಳು.

೩. ಕಸದ ಬುಟ್ಟಿಯಿಂದ ಗ್ರಂಥ

೧೯೬೨ರಲ್ಲಿ ಸ್ಯಾಟರ್ಡೇ ರಿವ್ಯೂ ಎಂಬ ಪತ್ರಿಕೆಯಲ್ಲಿ ಆಕೆಯ ಒಂದು ಕಿರುಬರಹವು ಪ್ರಕಟವಾಯಿತು. ಅದರ ಉದ್ದ ಮೂರು ನಾಲ್ಕು ಪುಟಗಳಷ್ಟೇ. ಉಪಾಧ್ಯಾಯಿನಿಯ ಕಸದ ಬುಟ್ಟಿಯಲ್ಲಿ ಸಿಕ್ಕಿದ ಚೀಟಿಗಳೆಂಬ ಕಲ್ಪನೆಯಿಂದ ಅದು ಹೆಣೆಯಲ್ಪಟ್ಟಿತ್ತು. ಕಥೆಯನ್ನು ಹೇಳುವವರು ಯಾರೂ ಇಲ್ಲ. ಚೀಟಿಗಳೇ ಒಂದರ ಹಿಂದೊಂದು ಬಂದು ತಾವೇ ಮಾತಾಡುವವು. ಪ್ರೆಂಟಿಸ್-ಹಾಲ್ ಎಂಬ ಪ್ರಕಾಶನದ ಸಂಪಾದಕಿಯೊಬ್ಬಳು ಇದನ್ನು ಓದಿ, ಇದನ್ನೇ ಬೆಳೆಸಿ ಕಾದಂಬರಿಯಾಗಿ ಬರೆಯಬೇಕೆಂದು ಕೇಳಿಕೊಂಡಳು. ಹೀಗೆ ಹುಟ್ಟಿದ ‘ಅಪ್ ದಿ ಡೌನ್ ಸ್ಟೇರ್‌ಕೇಸ್’ ಎಂಬ ಗ್ರಂಥವು ೧೯೬೫ರ ಆರಂಭದಲ್ಲಿ ಹೊರಬಿತ್ತು.

ಹೆಸರಿನ ಅರ್ಥವನ್ನು ಹೇಳುವದು ಉಚಿತ. ದೊಡ್ಡ ಶಾಲೆಗಳಲ್ಲಿ ನೂಕುನುಗ್ಗಲಾಗದಂತೆ ಹತ್ತುವದಕ್ಕೊಂದು, ಇಳಿಯುವದಕ್ಕೊಂದು ಮೆಟ್ಟಲುಸಾಲನ್ನು ಗೊತ್ತುಮಾಡಿರುವರು. ಇಳಿಯುವ ಮೆಟ್ಟಲುಗಳನ್ನು ಹತ್ತಿದನೆಂಬದೇ ಒಬ್ಬ ಹುಡುಗನ ಅಪರಾಧವಾಗಿ ಒಂದು ಚೀಟಿಯಲ್ಲಿ ಬರೆಯಲ್ಪಟ್ಟಿದೆ. ಮಕ್ಕಳೂ ಉಪಾಧ್ಯಾಯಿನಿಯೂ ಇಳಿಜಾರಿನ ವಿರುದ್ಧ ಮೇಲಕ್ಕೇರಲು ಯತ್ನಿಸುವದೇ ಇಡೀ ಗ್ರಂಥದ ಕಥೆಯಾಗಿರುವದರಿಂದ ಆ ಹೆಸರು ಸಾರ್ಥಕವಾಗಿದೆ.

ಕಥಾನಾಯಕಿಯು ಸಿಲ್ವಿಯಾ ಬ್ಯಾರೆಟ್ ಎಂಬ ತರುಣ ಉಪಾಧ್ಯಾಯಿನಿ. ಪ್ರಾಚೀನ ಕವಿಗಳನ್ನು ಕಲಿಸುವ ಹುಮ್ಮಸ್ಸಿನಿಂದ ಆಕೆಯು ಕ್ಯಾಲ್ವಿನ್ ಕೂಲಿಜ್ ಹೈಸ್ಕೂಲೆಂಬ ಕಲ್ಪಿತ ಶಾಲೆಗೆ ಬರುವಳು. ಅಲ್ಲಿ ಮುರಿದ ಕಿಟಕಿ, ಸಾಲದ ಪುಸ್ತಕ, ಕಿಕ್ಕಿರಿದ ತರಗತಿ, ಗಂಟೆಗೊಂದು ಸುತ್ತೋಲೆ. ಶಾಲೆಯ ದಾದಿಯು ಗಾಯವನ್ನು ಮುಟ್ಟಕೂಡದೆಂಬ ನಿಯಮವಿರುವದರಿಂದ ಎಲ್ಲಾ ರೋಗಕ್ಕೂ ಚಹವನ್ನೇ ಕೊಡುವಳು. ಪುಸ್ತಕಗಳು ಸಾಲುತಪ್ಪಬಾರದೆಂದು ಗ್ರಂಥಭಂಡಾರದವಳು ಮಕ್ಕಳನ್ನು ಹೊರಗೇ ಇಡುವಳು. ಗ್ರಂಥವೆಲ್ಲ ಸುತ್ತೋಲೆ, ಕಾಗದ, ಸಭೆಯ ವರದಿ, ಮಕ್ಕಳ ನಿಬಂಧ, ಸಲಹೆಪೆಟ್ಟಿಗೆಯ ಚೀಟಿ ಇವುಗಳಿಂದಲೇ ತುಂಬಿದೆ. ಮೊದಲು ಬಹಳ ನಗೆ ಬರುವದು. ನಗುತ್ತ ನಗುತ್ತ ಓದುಗರ ಕಂಠವು ಬಿಗಿಯುವದು.

ಕಾಫ್‌ಮನ್ನಳು ತನ್ನ ವಿದ್ಯಾರ್ಥಿಗಳ ರಹಸ್ಯಗಳನ್ನು ಬೀದಿಗೆ ತರಲಿಲ್ಲವೆಂಬದು ಗಮನಿಸತಕ್ಕ ವಿಷಯ. ಶಾಲೆಯೂ ಕಲ್ಪಿತ, ಹುಡುಗರೂ ಕಲ್ಪಿತರು. ಮಗುವು ನಂಬಿಕೆಯಿಂದ ಬರೆದುಕೊಟ್ಟದ್ದನ್ನು ಅಚ್ಚುಹಾಕಿಸುವದು ದ್ರೋಹ. ಹಲವು ವರ್ಷಗಳ ನೂರಾರು ಮಕ್ಕಳನ್ನು ಮನಸ್ಸಿನಲ್ಲಿ ಕರಗಿಸಿ, ಯಾರದೂ ಅಲ್ಲದ, ಎಲ್ಲರದೂ ಆದ ಒಂದು ಮುಖವನ್ನು ರೂಪಿಸುವದು ಕಥೆಗಾರರ ಧರ್ಮ.

೪. ಗ್ರಂಥದೊಳಗಿನ ಇಬ್ಬರು ಉಪಾಧ್ಯಾಯರು

ನಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಭಾಗಕ್ಕೆ ಈಗ ಬಂದಿರುವೆವು. ಕಾದಂಬರಿಯಲ್ಲಿ ಪಾಲ್ ಬ್ಯಾರಿಂಜರ್ ಎಂಬ ಇನ್ನೊಬ್ಬ ಇಂಗ್ಲಿಷ್ ಉಪಾಧ್ಯಾಯನಿದ್ದಾನೆ. ಇವನೂ ಬರೆಯುವವನೇ. ರೂಪವಂತ, ವಾಕ್ಚತುರ, ಕ್ಷಣದಲ್ಲಿ ಪದ್ಯ ಕಟ್ಟುವವನು. ಆದರೆ ಅವನ ಗ್ರಂಥಗಳು ಇನ್ನೂ ಬೆಳಕು ಕಂಡಿಲ್ಲ. ಬರೆಯುವವನಿಗೆ ಬಂದೊದಗಿದ ಬಿಡುಗಡೆಯಿಲ್ಲದ ತೊಡಕೆಂದೇ ಅವನು ತರಗತಿಯನ್ನು ಎಣಿಸುವನು.

ಅವನ ತರಗತಿಯಲ್ಲಿ ಆಲಿಸ್ ಬ್ಲೇಕ್ ಎಂಬ ಮೌನಿಯಾದ ಹುಡುಗಿಯಿದ್ದಳು. ಎಳೆಯ ಮನಸ್ಸಿನ ಭ್ರಮೆಯಿಂದ ಆಕೆಯು ಉಪಾಧ್ಯಾಯನಿಗೆ ಒಂದು ಪ್ರೇಮಪತ್ರವನ್ನು ಬರೆದಳು. ಅವನು ಅದನ್ನು ನಿಬಂಧವೊಂದನ್ನು ತಿದ್ದುವಂತೆ ತಿದ್ದಿದನು. ಕಾಗುಣಿತದ ತಪ್ಪು, ಹಳಸಿದ ಉಪಮೆ, ಸಡಿಲವಾದ ವಾಕ್ಯ ಎಲ್ಲವನ್ನೂ ಗುರುತಿಸಿ ಆಕೆಗೆ ಹಿಂದಕ್ಕೆ ಕೊಟ್ಟನು. ಆ ಹುಡುಗಿಯು ಶಾಲೆಯ ಕಿಟಕಿಯಿಂದ ಧುಮುಕಿ ಕಠಿನವಾಗಿ ಗಾಯಗೊಂಡಳು.

ಅವನು ಮಾಡಿದ್ದರಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಏನೂ ಇಲ್ಲ. ಅವನು ಆಕೆಯನ್ನು ಬಯ್ಯಲಿಲ್ಲ, ಅನುಚಿತವಾಗಿ ವರ್ತಿಸಲೂ ಇಲ್ಲ. ತಿದ್ದಿದ ತಪ್ಪುಗಳೆಲ್ಲವೂ ನಿಜವಾಗಿ ತಪ್ಪುಗಳೇ. ಆದರೂ ಕಾಗದದ ಹಿಂದೆ ಒಬ್ಬ ಹುಡುಗಿಯಿದ್ದಾಳೆಂಬದನ್ನು ಅವನ ಕಣ್ಣು ಕಾಣಲಿಲ್ಲ. ಅಕ್ಷರವನ್ನು ಓದಿದನು, ಬರೆದವಳನ್ನು ಓದಲಿಲ್ಲ. ಉಪಾಧ್ಯಾಯನಾಗಿ ಅವನು ಸೋತದ್ದು ಇಲ್ಲಿಯೇ. ಕಥೆಗಾರನಾಗಿ ಸೋಲುವದಕ್ಕೂ ಇದೇ ಕಾರಣವೆಂದು ನಮಗೆ ತೋರುವದು. ಎದುರಿಗಿರುವ ಹುಡುಗಿಯ ಮನಸ್ಸನ್ನು ಕಾಣಲಾರದವನು ಕಲ್ಪಿತ ಹುಡುಗಿಯ ಮನಸ್ಸನ್ನು ಹೇಗೆ ಕಂಡಾನು?

ಸಿಲ್ವಿಯಾಳೂ ನಿರ್ದೋಷಿಯಲ್ಲ. ಒಬ್ಬ ಹುಡುಗಿಯು ಶಾಲೆ ಬಿಟ್ಟ ಮೇಲೆ ಆಕೆಯೊಡನೆ ಮಾತಾಡಬೇಕೆಂದು ಕೇಳಿಕೊಂಡಳು. ಅಂದು ಉಪಾಧ್ಯಾಯರ ಸಭೆಯಿದ್ದುದರಿಂದ ಸಿಲ್ವಿಯಾ ಒಪ್ಪಲಾರದೆ ಹೋದಳು. ಆ ಹುಡುಗಿಯು ಮತ್ತೆ ಬರಲಿಲ್ಲ; ಆಕೆಯ ಮರಣದ ವಾರ್ತೆಯು ಬಂತು. ಸಭೆಗೆ ಹೋದದ್ದು ಕರ್ತವ್ಯವೇ. ಆದರೆ ಆಡಲ್ಪಡದೆ ಉಳಿದ ಆ ಮಾತನ್ನು ಯಾವ ಕರ್ತವ್ಯವೂ ಹಿಂದಕ್ಕೆ ತಂದುಕೊಡಲಾರದು.

ಇವುಗಳಿಗೆ ಎದುರಾಗಿ ಹೋಸೆ ರೊಡ್ರಿಗೇಸ್ ಎಂಬ ಬಾಲಕನ ಪ್ರಸಂಗವುಂಟು. ಅವನು ತರಗತಿಯಲ್ಲಿ ಬಾಯಿ ತೆರೆಯುವವನಲ್ಲ; ಸಲಹೆಪೆಟ್ಟಿಗೆಯ ಚೀಟಿಗಳಿಗೆ ಹೆಸರನ್ನು ಬರೆಯದೆ ‘ನಾನು’ ಎಂದು ಮಾತ್ರ ರುಜುಹಾಕುವನು. ತಾನು ಬರೆದದ್ದನ್ನು ಯಾರಾದರೂ ಓದುವರೆಂಬ ನಂಬಿಕೆಯೂ ಅವನಿಗೆ ಮೊದಲು ಇರುವದಿಲ್ಲ. ಒಂದು ದಿನ ತರಗತಿಯಲ್ಲಿ ನ್ಯಾಯಸ್ಥಾನದ ಅಣಕು ವಿಚಾರಣೆಯು ನಡೆದಾಗ ಅವನಿಗೆ ನ್ಯಾಯಾಧಿಪತಿಯ ಪದವಿಯು ದೊರೆಯುವದು. ಅವನು ಕಪ್ಪು ನಿಲುವಂಗಿಯನ್ನು ಸಂಪಾದಿಸಿ ತೊಟ್ಟು ಬಂದು, ಗದ್ದಲಮಾಡುವ ಸಹಪಾಠಿಗಳನ್ನು ಗಂಭೀರವಾಗಿ ಅಡಗಿಸುವನು. ಅಲ್ಲಿಂದ ಮುಂದೆ ಅವನು ತಲೆಯೆತ್ತಿ ನಡೆಯುವನು. ‘ನಾನು’ ಎಂಬಲ್ಲಿ ತನ್ನ ಪೂರ್ಣ ಹೆಸರನ್ನು ಬರೆಯುವನು. ಇಡೀ ವರ್ಷದ ಪಾಠಕ್ಕೆ ಇದಕ್ಕಿಂತ ಹೆಚ್ಚಿನ ಫಲವು ಬೇಕೇ?

ಕೊನೆಯಲ್ಲಿ ಸಿಲ್ವಿಯಾಳಿಗೆ ಶಾಂತವಾದ ಬೇರೊಂದು ವಿದ್ಯಾಲಯದಿಂದ ಕರೆಯು ಬರುವದು. ಅಲ್ಲಿ ಚಿಕ್ಕ ತರಗತಿಗಳು, ಬೇಕಾದಷ್ಟು ಪುಸ್ತಕಗಳು, ಸುಸಂಸ್ಕೃತ ವಿದ್ಯಾರ್ಥಿಗಳು. ಆದರೂ ತಾನು ನಿಜವಾಗಿ ಬೇಕಾಗಿರುವ ಸ್ಥಳವು ಯಾವದೆಂಬದನ್ನು ಮನಗಂಡು ಆಕೆಯು ಹಳೆಯ ಶಾಲೆಯಲ್ಲಿಯೇ ಉಳಿಯುವಳು.

೫. ಕೀರ್ತಿಯೂ ಅನಂತರವೂ

ಗ್ರಂಥವು ಪ್ರಕಟವಾದೊಡನೆ ಅಮೇರಿಕಾದ ಜನರು ಅದನ್ನು ಮುಗಿಬಿದ್ದು ಓದಿದರು. ಅತಿ ಹೆಚ್ಚಾಗಿ ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ಅದು ೬೪ ವಾರಗಳ ವರೆಗೆ ನಿಂತಿತು. ಅನೇಕ ಭಾಷೆಗಳಿಗೆ ಅನುವಾದವಾಯಿತು. ೧೯೬೭ರಲ್ಲಿ ಚಲಚ್ಚಿತ್ರವೂ ಆಯಿತು. ಉಚ್ಚಾರವು ಶುದ್ಧವಲ್ಲವೆಂದು ಯಾರನ್ನು ಪರೀಕ್ಷಕರು ಹಿಂದಕ್ಕೆ ಕಳುಹಿಸಿದ್ದರೋ, ಆಕೆಯ ಮಾತನ್ನು ಕೇಳುವದಕ್ಕೆ ದೇಶದ ಉಪಾಧ್ಯಾಯರ ಸಭೆಗಳು ಆಕೆಯನ್ನು ಆಹ್ವಾನಿಸಿದವು.

ಎರಡನೆಯ ಕಾದಂಬರಿಯಾದ ‘ಲವ್, ಎಟ್‌ಸೆಟ್ರಾ’ ೧೯೭೯ರಲ್ಲಿ ಬಂತು. ಮೊದಲನೆಯದರ ಕೀರ್ತಿಯು ಅದಕ್ಕೆ ದೊರೆಯಲಿಲ್ಲ. ತರಗತಿಯ ಕೋಣೆಯೇ ಆಕೆಯ ನಿಜವಾದ ಗಣಿಯಾಗಿತ್ತೆಂದು ಇದರಿಂದ ಊಹಿಸಬಹುದು. ಕಲಿಸುವ ಆಶೆಯಂತೂ ಆಕೆಯನ್ನು ಬಿಡಲಿಲ್ಲ. ೨೦೧೧ರಲ್ಲಿ, ನೂರು ವರ್ಷ ತುಂಬುವ ಹೊತ್ತಿನಲ್ಲಿ, ಆಕೆಯು ತಾನು ಓದಿದ ಹಂಟರ್ ಕಾಲೇಜಿಗೇ ಹಿಂದಿರುಗಿ ಯೆಹೂದ್ಯರ ಹಾಸ್ಯಸಾಹಿತ್ಯದ ವಿಷಯವಾಗಿ ಪಾಠ ಹೇಳಿದಳು. ೨೦೧೪ರ ಜುಲಾಯಿ ತಿಂಗಳಲ್ಲಿ ತನ್ನ ೧೦೩ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು.

೬. ನಾವು ಗ್ರಹಿಸತಕ್ಕದ್ದು

ಮೊದಲು ಎತ್ತಿದ ಸಂಶಯಗಳಿಗೆ ಈಗ ಉತ್ತರ ಹೇಳಬಹುದು. ಬರೆಯುವ ಉಪಾಧ್ಯಾಯರಿಂದ ಮಕ್ಕಳಿಗೆ ನಷ್ಟವಾದೀತೆಂಬ ತಾಯಿತಂದೆಗಳ ಭಯವು ಬರಿಯ ಭ್ರಾಂತಿಯಲ್ಲ. ಬ್ಯಾರಿಂಜರನಂಥವರು ಇರಬಲ್ಲರು, ಅದನ್ನು ಚಿತ್ರಿಸಿದವಳು ಒಬ್ಬ ಉಪಾಧ್ಯಾಯಿನಿಯೇ. ಆದರೆ ದೋಷವು ಬರವಣಿಗೆಯದಲ್ಲ. ತರಗತಿಯನ್ನು ಅಡ್ಡಿಯೆಂದು ತಿಳಿಯುವವರು ಬರೆದರೂ ಬರೆಯದಿದ್ದರೂ ಮಕ್ಕಳಿಗೆ ದೂರವಾಗಿಯೇ ಇರುವರು. ಮಕ್ಕಳ ಮಾತಿಗೆ ಕಿವಿಗೊಡುವವರಿಗಾದರೋ ಪಾಠವೂ ಕಥೆಯೂ ಒಂದೇ ಬೇರಿನಿಂದ ಬೆಳೆಯುವವು. ಸಾಹಿತ್ಯಪ್ರಿಯರ ಸಂಶಯಕ್ಕೂ ಇದೇ ಉತ್ತರ. ತರಗತಿಯು ಕಾಲವನ್ನು ನುಂಗುವದು ನಿಜ. ಐವತ್ತು ವಯಸ್ಸು ದಾಟಿದ ಮೇಲೆ ಬಂದ ಗ್ರಂಥವದು. ಆದರೆ ಆ ವರ್ಷಗಳು ವ್ಯರ್ಥವಾಗಲಿಲ್ಲ. ಅವುಗಳಿಲ್ಲದೆ ಗ್ರಂಥವೇ ಇಲ್ಲ.

ಈ ಶಾಲೆಯಲ್ಲಿ ಓದಿ ಈಗ ಬೇರೆ ಬೇರೆ ಊರುಗಳಲ್ಲಿ ಪಾಠ ಹೇಳುತ್ತಿರುವ ಸಹೋದರಿಯರಿಗೆ ನಾವು ಹೇಳಬೇಕೆಂದಿರುವದು ಇಷ್ಟೇ. ಕಥೆ ಬರೆಯುವ ಶಕ್ತಿಯು ಎಲ್ಲರಿಗೂ ಇರಲಾರದು; ಕಥೆಗಾರರ ಕಣ್ಣಿನಿಂದ ಓದುವ ಅಭ್ಯಾಸವು ಎಲ್ಲರಿಗೂ ಸಾಧ್ಯ. ನಲವತ್ತು ಪುಸ್ತಕಗಳನ್ನು ತಿದ್ದುವ ರಾತ್ರಿಯಲ್ಲಿ ಯಾವದಾದರೊಂದು ಪುಟದಲ್ಲಿ ವಿಷಯಕ್ಕೆ ಸಂಬಂಧಿಸದ ಒಂದು ವಾಕ್ಯವು ಕಣ್ಣಿಗೆ ಬಿದ್ದೀತು. ಅದನ್ನು ಅಪ್ರಸ್ತುತವೆಂದು ಹೊಡೆದುಹಾಕುವ ಮೊದಲು ಮತ್ತೊಮ್ಮೆ ಓದಿರಿ. ಆ ವಾಕ್ಯಕ್ಕಾಗಿಯೇ ಮಗುವು ಇಡೀ ನಿಬಂಧವನ್ನು ಬರೆದಿರಬಹುದು.

ತಾಯಿತಂದೆಗಳಿಗೂ ಇದು ಸಲ್ಲುವದು. ದೂರದಲ್ಲಿರುವ ಮಗಳ ಕಾಗದವು ಬಂದಾಗ ಅಕ್ಷರವು ಸೊಟ್ಟಗಿದೆಯೆಂದು ಮೊದಲು ಹೇಳಬೇಡಿರಿ. ತಿದ್ದುವದು ಅವಶ್ಯವೇ, ತಿದ್ದದೆ ಯಾರೂ ಕಲಿಯರು. ಆದರೆ ಮೊದಲು ಓದಬೇಕು, ಅನಂತರ ತಿದ್ದಬೇಕು. ಈ ಕ್ರಮವು ತಲೆಕೆಳಗಾದಾಗ ಏನಾಗುವದೆಂಬದಕ್ಕೆ ಆಲಿಸಳ ಕಥೆಯು ಸಾಕು.

ವಿಚಾರಕ್ಕಾಗಿ ಕೆಲವು ಪ್ರಶ್ನೆಗಳು

೧. ಪರೀಕ್ಷಕರು ಬೆಲ್ ಕಾಫ್‌ಮನ್ನಳ ಉಚ್ಚಾರವನ್ನು ಕುರಿತು ಮಾಡಿದ ತೀರ್ಮಾನವು ನ್ಯಾಯವೋ? ಭಾಷೆಯನ್ನು ಕಲಿಸುವವರಲ್ಲಿ ಯಾವ ಗುಣವನ್ನು ಮೊದಲು ನೋಡಬೇಕು?

೨. ಆಲಿಸಳ ಕಾಗದವು ನಿಮ್ಮ ಕೈಗೆ ಬಂದಿದ್ದರೆ ಆಕೆಯ ಮಾನಕ್ಕೂ ಮನಸ್ಸಿಗೂ ಧಕ್ಕೆಯಾಗದಂತೆ ಏನು ಮಾಡುತ್ತಿದ್ದಿರಿ?

೩. ಹೋಸೆ ತನ್ನ ಹೆಸರನ್ನು ಬರೆಯುವದಕ್ಕೆ ಧೈರ್ಯವನ್ನು ಕೊಟ್ಟದ್ದು ಯಾವದು? ನಿಮ್ಮ ಮನೆಯಲ್ಲಿಯೂ ‘ನಾನು’ ಎಂದಷ್ಟೇ ಹೇಳಿ ಸುಮ್ಮನಾಗುವ ಮಗುವುಂಟೋ?

೪. ಉಪಾಧ್ಯಾಯಿನಿಯು ತನ್ನ ತರಗತಿಯ ವಿಷಯವಾಗಿ ಬರೆಯುವಾಗ ಯಾವ ಮೇರೆಯನ್ನು ದಾಟಕೂಡದು?